ಪಂಡಿತರ ಮೂರನೆಯ ಫ್ಲಾಪಿ

ಕಂಪ್ಯೂಟರ್ ಕೊಠಡಿಗೆ ಹೋಗುವವರು ಚಪ್ಪಲಿಯನ್ನು ಹೊರಗೇ ಬಿಡಬೇಕು ಎಂಬ ನಿಯಮ ನಮ್ಮ ಶಾಲೆಯಲ್ಲಿತ್ತು. ಬೀಗದ ಕೈ ಹೆಡ್‌ಮಾಸ್ಟರ ಜೇಬಿನಲ್ಲಿ. ಮಳೆಗಾಲದಲ್ಲಿ ಆ ಬಾಗಿಲ ಮುಂದೆ ಕೊಡೆಗಳೂ ಚಪ್ಪಲಿಗಳೂ ಸೇರಿ ಯಾವುದೋ ದೇವಸ್ಥಾನದ ಹೆಬ್ಬಾಗಿಲಿನಂತೆ ಕಾಣುತ್ತಿತ್ತು. ಒಳಗಿದ್ದ ದೇವರು ಬಿ.ಬಿ.ಸಿ. ಮೈಕ್ರೋ.

ಹೆಸರು ಕೇಳಿ ಇದೇನು ರೇಡಿಯೋ ಎಂದುಕೊಂಡವರಿದ್ದರು. ತಪ್ಪೇನಲ್ಲ. ಬ್ರಿಟಿಷ್ ಪ್ರಸಾರ ಸಂಸ್ಥೆ ತನ್ನ ಟೆಲಿವಿಷನ್ ಪಾಠಗಳ ಜೊತೆಗೆ ಇರಲೆಂದು ಕೇಂಬ್ರಿಜ್‌ನ ಏಕಾರ್ನ್ ಕಂಪೆನಿಯಿಂದ ಮಾಡಿಸಿದ ಯಂತ್ರ ಅದು. 1981ರ ಡಿಸೆಂಬರಿನಲ್ಲಿ ಅಲ್ಲಿ ಮಾರಾಟಕ್ಕೆ ಬಂತು. 6502 ಎಂಬ ಚಿಪ್ಪು, 32 ಕೆ.ಬಿ. ನೆನಪು, ಕೀಲಿಮಣೆಯ ಮೇಲ್ಭಾಗದಲ್ಲಿ ಕೆಂಪು ಬಣ್ಣದ ಹತ್ತು ಕೀಲಿಗಳು. 1984ರಲ್ಲಿ ಭಾರತ ಸರ್ಕಾರ 'ಕ್ಲಾಸ್' ಎಂಬ ಯೋಜನೆ ಹಾಕಿಕೊಂಡು, ಶಾಲಾ ಮಕ್ಕಳಿಗೆ ಕಂಪ್ಯೂಟರಿನ ಪರಿಚಯ ಮಾಡಿಸಲು ಆರಿಸಿಕೊಂಡದ್ದು ಇದನ್ನೇ. ಮೊದಲ ಸುತ್ತಿನಲ್ಲಿ ದೇಶದಲ್ಲೆಲ್ಲ ಸುಮಾರು 250 ಶಾಲೆಗಳು. ನಮ್ಮದು ಮಲೆನಾಡಿನ ಶಾಲೆ, ನಂತರದ ಸುತ್ತಿನದು. ಗಣಿತದ ಮೇಷ್ಟ್ರಾದ ತಪ್ಪಿಗೆ ಅದನ್ನು ನನ್ನ ಕೊರಳಿಗೆ ಕಟ್ಟಿದರು. ಹದಿನೈದು ದಿನದ ತರಬೇತಿ ಮುಗಿಸಿ ಬಂದೆ. ಬರುವಾಗ ಗೊತ್ತಿದ್ದುದು ಇಷ್ಟೇ: ನನಗಿಂತ ಮಕ್ಕಳು ಬೇಗ ಕಲಿಯುತ್ತಾರೆ.

ಈ ಯಂತ್ರಕ್ಕೂ ನಮ್ಮ ಕನ್ನಡ ಪಂಡಿತರಿಗೂ ಗಂಟು ಬಿದ್ದದ್ದು 1988ರಲ್ಲಿ.

ಪಂಡಿತರು ಊರೂರು ತಿರುಗಿ ಮಾತು ಕೂಡಿಸುತ್ತಿದ್ದವರು. ಅಡಕೆ ತೋಟದ ಮಾತು, ಕೊಟ್ಟಿಗೆಯ ಮಾತು, ಅಡುಗೆಮನೆಯ ಮಾತು. ಕೊನೆಗಾರರ ಹಿಂದೆ ತೋಟಕ್ಕೆ ಹೋಗುವರು, ಚೊಗರು ಕಾಯಿಸುವ ಒಲೆಯ ಮುಂದೆ ಕೂರುವರು, ಮುದುಕಿಯರು ಎಲೆಯಡಕೆ ಹಾಕಿಕೊಳ್ಳುವ ಹೊತ್ತಿಗೆ ಸರಿಯಾಗಿ ಜಗಲಿ ಹತ್ತುವರು. ಕೇಳಿದ ಮಾತನ್ನು ಹಳೆಯ ಮದುವೆ ಕಾಗದಗಳ ಬೆನ್ನಿಗೆ ಬರೆಯುವರು. ಒಂದು ಕಡೆ 'ಚಿ॥ ಸೌ॥' ಎಂದು ಅಚ್ಚಾಗಿದ್ದರೆ ಇನ್ನೊಂದು ಕಡೆ 'ಗೊರಬಲು: ಅಡಕೆಯ ಒಂದು ಬಗೆ, ಹಣ್ಣಾಗಿ ಉದುರಿದ್ದರಿಂದ ಮಾಡಿದ್ದು' ಎಂದಿರುತ್ತಿತ್ತು. ಇಂಥ ಮೂರು ಸಾವಿರ ಕಾಗದಗಳು ಟ್ರಂಕಿನಲ್ಲಿದ್ದವು.

ಒಂದು ದಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದು, "ಮೇಷ್ಟ್ರೇ, ನಿಮ್ಮ ಈ ಪೆಟ್ಟಿಗೆ ಅಕಾರಾದಿ ಜೋಡಿಸಿಕೊಡುತ್ತದಂತೆ, ಹೌದೋ?" ಎಂದರು. ಹೌದು ಎಂದೆ. ಕನ್ನಡ ಅಕ್ಷರ ಇಲ್ಲ, ಇಂಗ್ಲಿಷ್ ಅಕ್ಷರದಲ್ಲಿ ಬರೆಯಬೇಕಾಗುತ್ತದೆ ಎಂದೂ ಹೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ ಅಲ್ಲೇ ಒಂದು ಪದ್ಧತಿ ಮಾಡಿದರು. ಲ ಎಂಬುದಕ್ಕೆ ಸಣ್ಣ ಎಲ್, ಳ ಎಂಬುದಕ್ಕೆ ದೊಡ್ಡ ಎಲ್. ನ, ಣ, ತ, ಟ ಇವಕ್ಕೂ ಹಾಗೆಯೇ.

ಸಂಜೆ ಶಾಲೆ ಬಿಟ್ಟ ಮೇಲೆ ಹತ್ತನೆಯ ತರಗತಿಯ ನಾಲ್ವರು ಸರದಿಯಲ್ಲಿ ಕೂತು ಕುಟ್ಟುತ್ತಿದ್ದರು. ಬಿ.ಬಿ.ಸಿ. ಮೈಕ್ರೋ ಹೊತ್ತಿಸಿದೊಡನೆ ದೊಡ್ಡಕ್ಷರದಲ್ಲೇ ಎದ್ದು ಕೂರುತ್ತದೆ. ಅದನ್ನು ಬದಲಿಸಲು ಮರೆತ ದಿನ ಕುಟ್ಟಿದ್ದೆಲ್ಲ ದೊಡ್ಡಕ್ಷರ. ಲ-ಳ ಭೇದ ಹಾರಿಹೋಗುತ್ತಿತ್ತು. ಹಾಗೆ ಹಾರಿಹೋದ ಒಂದು ಸಂಜೆಯ ಕೆಲಸವನ್ನು ತಿದ್ದಲು ಕೂತ ಹುಡುಗ ಎಲ್ಲವನ್ನೂ ಸಣ್ಣಕ್ಷರ ಮಾಡಿಬಿಟ್ಟ. ಅಡಕೆಗೆ ಬರುವ ಕೊಳೆ ರೋಗ ಕೊಲೆ ರೋಗವಾಯಿತು. ಪಂಡಿತರು ನೋಡಿ ನಕ್ಕು, "ತೋಟದವರನ್ನ ಕೇಳಿದರೆ ಇದೇ ಸರಿ ಅಂತಾರೆ, ಇರಲಿ ಬಿಡಿ" ಎಂದರು.

ಎರಡು ವರ್ಷದಲ್ಲಿ ಮೂರು ಫ್ಲಾಪಿ ತುಂಬಿದವು. ಐದೂಕಾಲು ಇಂಚಿನವು, ಕೈಯಲ್ಲಿ ಹಿಡಿದರೆ ಹಾಳೆಯಂತೆ ಬಳುಕುವಂಥವು. ಪಂಡಿತರು ಅವುಗಳ ಕಾಗದದ ಲಕೋಟೆಯ ಮೇಲೆ ಕೆಂಪು ಪೆನ್ಸಿಲಿನಲ್ಲಿ ೧, ೨, ೩ ಎಂದು ಬರೆದರು. ಪ್ರಿಂಟರಿನ ರಿಬ್ಬನ್ನು ತೀರಿ ವರ್ಷವಾಗಿತ್ತು, ಹೊಸದಕ್ಕೆ ಬರೆದುಕೊಂಡ ಅರ್ಜಿಗೆ ಉತ್ತರ ಬಂದಿರಲಿಲ್ಲ. ಇನ್ನೊಂದು ಪ್ರತಿ ಮಾಡಿ ಇಟ್ಟುಕೊಳ್ಳಬೇಕೆಂದು ನನಗೆ ಹೊಳೆಯಲಿಲ್ಲ. 1991ರ ಮಳೆಗಾಲ ಕಳೆದು ಪಂಡಿತರು ಅಟ್ಟದಿಂದ ಟ್ರಂಕು ಇಳಿಸಿದಾಗ ಮದುವೆ ಕಾಗದಗಳನ್ನು ಗೆದ್ದಲು ತಿಂದು ಮುಗಿಸಿತ್ತು.

"ಹೋಗಲಿ, ನಿಮ್ಮ ಪೆಟ್ಟಿಗೇಲಿ ಉಂಟಲ್ಲ" ಎಂದರು.

ಮಾರನೆಯ ವರ್ಷ ಶಾಲೆಗೆ ಹೊಸ ಕಂಪ್ಯೂಟರು ಬಂತು. ಐ.ಬಿ.ಎಂ. ಪಿ.ಸಿ.ಯ ಮಾದರಿಯಲ್ಲಿ ಯಾರೋ ಜೋಡಿಸಿದ ಎಕ್ಸ್‌ಟಿ. ಅದಕ್ಕೂ ಐದೂಕಾಲು ಇಂಚಿನ ಫ್ಲಾಪಿ. ಬಿ.ಬಿ.ಸಿ.ಯ ಫ್ಲಾಪಿಯನ್ನು ತೆಗೆದು ಇದಕ್ಕೆ ತೂರಿಸಿದರೆ ಸಲೀಸಾಗಿ ಒಳಗೆ ಹೋಗುತ್ತದೆ, ಸನ್ನೆ ತಿರುಗಿಸಿದರೆ ಗರಗರ ತಿರುಗುತ್ತದೆ. ಒಂದೇ ಅಳತೆಯ ಲೋಟ, ಒಂದೇ ಅಳತೆಯ ಚೊಂಬು. ನೀರು ಹುಯ್ಯಲು ಏನಡ್ಡಿ ಎಂದುಕೊಂಡೆ.

ಆ ವಾರ ಹೊಸ ಫ್ಲಾಪಿಗಳ ಡಬ್ಬಿಯೊಂದನ್ನು ಕೊಂಡಿದ್ದೆ. ಹೊಸ ಫ್ಲಾಪಿಯನ್ನು ಹಾಗೇ ಹಾಕಿ ಓದು ಎಂದರೆ ಪಿ.ಸಿ. 'ಜನರಲ್ ಫೇಲ್ಯೂರ್' ಎನ್ನುತ್ತಿತ್ತು. ಕೈಬಿಡಲೋ, ಮತ್ತೆ ನೋಡಲೋ, ಸೋತೆನೆನ್ನಲೋ ಎಂದು ಕೇಳುತ್ತಿತ್ತು. ಮೊದಲು ಅದಕ್ಕೆ ಫಾರ್ಮ್ಯಾಟ್ ಮಾಡಬೇಕು, ಅಂದರೆ ಗದ್ದೆಗೆ ಬದು ಹಾಕಿದಂತೆ ಗೆರೆ ಕೊಟ್ಟು ಪಾಲು ಮಾಡಬೇಕು. ಹಾಗೆ ಒಂದೊಂದಾಗಿ ಮಾಡುತ್ತ ಕೂತಿದ್ದೆ. ಮೇಜಿನ ಮೇಲೆ ಪಂಡಿತರ ಫ್ಲಾಪಿಗಳೂ ಇದ್ದವು. ನಮ್ಮ ಕಡೆಯ ಥಂಡಿಗೆ ಅಂಟು ಬಿಟ್ಟು, ಫ್ಲಾಪಿಯ ಮೇಲಿನ ಚೀಟಿ ಒಂದರಲ್ಲಿ ಉದುರಿಹೋಗಿತ್ತು. ಅದನ್ನೆತ್ತಿ ಹಾಕಿದೆ. ಓದು ಎಂದೆ. ಜನರಲ್ ಫೇಲ್ಯೂರ್. ಇದೂ ಹೊಸದೇ ಎಂದುಕೊಂಡೆ. ಫಾರ್ಮ್ಯಾಟ್ ಎಂದು ಕುಟ್ಟಿ ಎಂಟರ್ ಒತ್ತಿದೆ.

ಪರದೆಯ ಮೇಲೆ ಸಿಲಿಂಡರಿನ ಎಣಿಕೆ ಏರುತ್ತಿತ್ತು. ಒಂಬತ್ತು, ಹತ್ತು, ಹನ್ನೊಂದು. ಮುಂದಿನ ಫ್ಲಾಪಿ ಎತ್ತಿಕೊಳ್ಳೋಣವೆಂದು ಮೇಜಿನ ಕಡೆ ನೋಡಿದೆ. ಖಾಲಿ ಲಕೋಟೆ ಬಿದ್ದಿತ್ತು, ಮೂಲೆಯಲ್ಲಿ ಕೆಂಪು ಪೆನ್ಸಿಲಿನ ೩.

ಸನ್ನೆ ಎಳೆದು ಹೊರತೆಗೆದಾಗ ಎಣಿಕೆ 15ಕ್ಕೆ ಬಂದಿತ್ತು.

ಓಡಿಹೋಗಿ ಬಿ.ಬಿ.ಸಿ.ಗೆ ಹಾಕಿದೆ. 'ಡಿಸ್ಕ್ ಫಾಲ್ಟ್ 18' ಎಂದಿತು. ಅಂದರೆ, ಹುಡುಕಿದ ಜಾಗ ಸಿಗಲಿಲ್ಲ ಎಂದು. ಅರ್ಧ ಗಂಟೆಗೆ ಮುಂಚೆ ಚೆನ್ನಾಗಿ ಓದುತ್ತಿದ್ದ ಯಂತ್ರಕ್ಕೂ ಈಗ ಆ ಫ್ಲಾಪಿ ಪರದೇಶದ್ದು.

ಪಂಡಿತರಿಗೆ ಹೇಳುವುದು ಹೇಗೆಂದು ಮೂರು ದಿನ ಒದ್ದಾಡಿ ನಾಲ್ಕನೆಯ ದಿನ ಹೇಳಿದೆ. ಅವರು ಸ್ಟಾಫ್ ರೂಮಿನ ಕಿಟಕಿಯ ಕಡೆ ನೋಡುತ್ತಾ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ತನಗೆ ಓದೋಕೆ ಬರದೇ ಇರೋದೆಲ್ಲ ಖಾಲಿ ಅಂತ ತಿಳಿಯೋದು ನಮ್ಮ ಇನ್‌ಸ್ಪೆಕ್ಟರ ಅಭ್ಯಾಸ ಅಂದುಕೊಂಡಿದ್ದೆ. ನಿಮ್ಮ ಯಂತ್ರಕ್ಕೂ ಉಂಟು ಅನ್ನಿ" ಎಂದರು. ನನ್ನನ್ನು ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಆ ಮೂರನೆಯ ಫ್ಲಾಪಿಯಲ್ಲಿ ಮೊದಲಿಗೇ ಇದ್ದದ್ದು ಮಳೆಯ ಮಾತುಗಳು. ನಮ್ಮಲ್ಲಿ ಮಳೆಗೆ ಎಷ್ಟು ಹೆಸರುಂಟು ಎಂದು ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಅದರ ಹಿಂದೆ ದನಕರುಗಳ ಬಣ್ಣ, ರೋಗ, ಮದ್ದು.

ಉಳಿದ ಎರಡನ್ನಾದರೂ ಪಿ.ಸಿ.ಗೆ ದಾಟಿಸಿಕೊಳ್ಳಬೇಕಿತ್ತು. ಬಿ.ಬಿ.ಸಿ. ಯಂತ್ರಗಳು ಒಂದೊಂದಾಗಿ ಕೈಕೊಡುತ್ತಿದ್ದವು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಪಂಡಿತರ ಕಾಗದಗಳನ್ನು ಕುಟ್ಟಿದ ನಾಲ್ವರಲ್ಲಿ ಒಬ್ಬ, ಶಿವಮೊಗ್ಗದಲ್ಲಿ ಡಿಪ್ಲೊಮಾ ಓದುತ್ತಿದ್ದ. ರಜೆಗೆ ಬಂದಾಗ ಅವನನ್ನು ಹಿಡಿದೆ. ಅವನು ಎಲ್ಲೆಲ್ಲಿಂದಲೋ ಪುಸ್ತಕ ತಂದು ಓದಿದ, ನನಗೂ ಓದಿಸಿದ. ಆಗ ತಿಳಿದದ್ದು ಮತ್ತು ಆಮೇಲೆ ತಿಳಿದುಕೊಂಡದ್ದು ಸೇರಿಸಿ ಹೇಳುತ್ತೇನೆ.

ಫ್ಲಾಪಿ ಹುಟ್ಟಿದ್ದು ಐ.ಬಿ.ಎಂ.ನಲ್ಲಿ, 1971ರಲ್ಲಿ, ದೊಡ್ಡ ಯಂತ್ರಗಳಿಗೆ ಆರಂಭದ ಪಾಠ ತುಂಬಿಸುವುದಕ್ಕೆಂದು. ಆಗ ಅದು ಎಂಟು ಇಂಚಿನದು. 1973ರಲ್ಲಿ ಅದೇ ಕಂಪೆನಿಯ 3740 ಎಂಬ ಯಂತ್ರದ ಜೊತೆಗೆ ಒಂದು ಬರವಣಿಗೆಯ ಕ್ರಮ ಬಂತು: 77 ಸುತ್ತು, ಸುತ್ತಿಗೆ 26 ಪಾಲು, ಪಾಲಿಗೆ 128 ಅಕ್ಷರ. ಬೇರೆ ಕಂಪೆನಿಗಳವರೂ ಅದನ್ನೇ ಹಿಡಿದರು. ಹಾಗಾಗಿ ಎಂಟು ಇಂಚಿನ ಕಾಲದಲ್ಲಿ ಒಬ್ಬರ ಫ್ಲಾಪಿ ಇನ್ನೊಬ್ಬರ ಮನೆಯಲ್ಲಿ ಓಡುತ್ತಿತ್ತು. ಕೆಟ್ಟದ್ದು 1976ರಲ್ಲಿ ಶುಗಾರ್ಟ್ ಕಂಪೆನಿ ಐದೂಕಾಲು ಇಂಚಿನದನ್ನು ತಂದ ಮೇಲೆ. ಅಗ್ಗ, ಚಿಕ್ಕದು, ಮನೆಯ ಕಂಪ್ಯೂಟರಿಗೆ ಹೇಳಿ ಮಾಡಿಸಿದ್ದು. ಆದರೆ ಈ ಸಲ ಎಲ್ಲರೂ ಒಪ್ಪಿದ ಕ್ರಮವೊಂದು ಇರಲಿಲ್ಲ. ಪ್ರತಿಯೊಬ್ಬನೂ ತನ್ನ ತನ್ನ ಗೆರೆ ಎಳೆದ.

ಆಪಲ್‌ನ ವೋಜ್ನಿಯಾಕ್ 1978ರಲ್ಲಿ ಡ್ರೈವಿನೊಳಗಿನ ಅರ್ಧಕ್ಕರ್ಧ ಚಿಪ್ಪುಗಳನ್ನು ಕಿತ್ತು, ಅವು ಮಾಡುತ್ತಿದ್ದ ಕೆಲಸವನ್ನು ಪ್ರೋಗ್ರಾಮಿನಿಂದಲೇ ಮಾಡಿಸಿದ. ಜಾಣತನವೇ, ಆದರೆ ಹಾಗೆ ಬರೆದದ್ದನ್ನು ಆಪಲ್ ಬಿಟ್ಟು ಬೇರೆಯವರು ಓದಲಾರರು. ಕಮೋಡೋರ್‌ನವರ 1541 ಎಂಬ ಡ್ರೈವಂತೂ ತಾನೇ ಒಂದು ಕಂಪ್ಯೂಟರು, ಅದರ ಹೊಟ್ಟೆಯಲ್ಲಿ ಇನ್ನೊಂದು 6502. ಹೊರಸುತ್ತು ಉದ್ದ, ಒಳಸುತ್ತು ಗಿಡ್ಡ ಎಂಬುದನ್ನು ನೋಡಿ ಅದು ಹೊರಗಿನ ಸುತ್ತುಗಳಲ್ಲಿ 21 ಪಾಲು, ಒಳಗಿನವುಗಳಲ್ಲಿ 17 ಪಾಲು ಮಾಡುತ್ತಿತ್ತು. ಅಮಿಗಾ ಬಂದಾಗ ಫ್ಲಾಪಿ ಮೂರೂವರೆ ಇಂಚಿಗೆ ಇಳಿದಿತ್ತು. ಪಿ.ಸಿ. 720 ಕೆ.ಬಿ. ತುಂಬುವ ಫ್ಲಾಪಿಯಲ್ಲೇ ಅಮಿಗಾ 880 ತುಂಬುತ್ತಿತ್ತು, ಪಾಲು ಪಾಲಿನ ನಡುವೆ ಬಿಡುವ ಜಾಗವನ್ನು ಬಿಡದೆ. ಆಸ್ಬೋರ್ನ್, ಕೇಪ್ರೋ ಮುಂತಾದವು ಓಡಿಸುತ್ತಿದ್ದುದು ಸಿ.ಪಿ.ಎಂ. ಎಂಬ ಒಂದೇ ವ್ಯವಸ್ಥೆಯನ್ನು, ಆದರೂ ಒಬ್ಬರ ಫ್ಲಾಪಿ ಇನ್ನೊಬ್ಬರಿಗಾಗದು. ಅವುಗಳ ನಡುವೆ ದುಭಾಷಿಯ ಕೆಲಸ ಮಾಡುವ ಯೂನಿಫಾರ್ಮ್, 22ಡಿಸ್ಕ್ ಮುಂತಾದ ಪ್ರೋಗ್ರಾಮುಗಳನ್ನು ಅಮೆರಿಕದಲ್ಲಿ ಮಾರುತ್ತಿದ್ದರು. ಒಂದೇ ತಾಯಿಯ ಮಕ್ಕಳು ಮನೆ ಪಾಲಾದ ಮೇಲೆ ಪತ್ರ ವ್ಯವಹಾರಕ್ಕೆ ವಕೀಲರನ್ನು ಇಟ್ಟುಕೊಂಡ ಹಾಗೆ.

ನಮ್ಮ ಎರಡರ ನಡುವಿನ ಜಗಳ ಏನಪ್ಪಾ ಎಂದರೆ, ಬಿ.ಬಿ.ಸಿ. ಬರೆಯುತ್ತಿದ್ದುದು ಸುತ್ತಿಗೆ ಹತ್ತು ಪಾಲು, ಪಾಲಿಗೆ 256 ಅಕ್ಷರ. ಅಂಥ 40 ಸುತ್ತು, ಒಟ್ಟು 100 ಕೆ.ಬಿ. ಪಿ.ಸಿ.ಯದು ಸುತ್ತಿಗೆ ಒಂಬತ್ತು ಪಾಲು, ಪಾಲಿಗೆ 512, ಎರಡೂ ಬದಿ ಸೇರಿ 360 ಕೆ.ಬಿ. ಇಷ್ಟೇ ಆಗಿದ್ದರೆ ಪ್ರೋಗ್ರಾಮು ಬರೆದು ಸರಿಮಾಡಬಹುದಿತ್ತು. ಆದರೆ ಬರೆಯುವ ರೀತಿಯೇ ಬೇರೆ. ಹಾಡುವವನೊಬ್ಬ ಪ್ರತಿ ಅಕ್ಷರಕ್ಕೂ ಬಿಡದೆ ತಾಳ ತಟ್ಟುತ್ತಾನೆ ಎಂದುಕೊಳ್ಳಿ. ಬಿ.ಬಿ.ಸಿ.ಯದು ಹಾಗೆ. ಪಿ.ಸಿ. ತೀರ ಮೌನ ಬಂದಲ್ಲಿ ಮಾತ್ರ ತಟ್ಟುತ್ತದೆ, ಉಳಿದದ್ದನ್ನು ಹಾಡಿನಿಂದಲೇ ಊಹಿಸಿಕೊಳ್ಳುತ್ತದೆ. ತಟ್ಟುವುದು ಕಮ್ಮಿಯಾದಷ್ಟು ಹಾಡಿಗೆ ಜಾಗ ಹೆಚ್ಚು, ಅದಕ್ಕೇ ಎರಡು ಪಟ್ಟು ತುಂಬುತ್ತದೆ. ತಮಾಷೆಯೆಂದರೆ, ಪಿ.ಸಿ.ಯಲ್ಲಿ ಫ್ಲಾಪಿ ನೋಡಿಕೊಳ್ಳುವ ಚಿಪ್ಪಿಗೆ ಹಳೆಯ ತಾಳವೂ ಬರುತ್ತಿತ್ತು. ಆದರೆ ಆ ಚಿಪ್ಪನ್ನು ಕೂರಿಸಿದ ಕಾರ್ಡಿನಲ್ಲಿ ಅದಕ್ಕೆ ಬೇಕಾದ ಭಾಗವನ್ನು ಐ.ಬಿ.ಎಂ.ನವರು ಇಟ್ಟಿರಲಿಲ್ಲ, ನಕಲು ಮಾಡಿದವರೂ ಹೆಚ್ಚಾಗಿ ಇಡಲಿಲ್ಲ. ಗೊತ್ತಿದ್ದೂ ಬಾಯಿಬಿಡಲಾಗದ ಸ್ಥಿತಿ.

ಅಂದರೆ ಫ್ಲಾಪಿ ಕೊಟ್ಟು ತೆಗೆದುಕೊಳ್ಳುವ ದಾರಿ ನಮಗೆ ಮುಚ್ಚಿಹೋಗಿತ್ತು. ಹುಡುಗ ಹೇಳಿದ: "ಸಾರ್, ಫ್ಲಾಪಿ ಆಸೆ ಬಿಡಿ. ಎರಡಕ್ಕೂ ತಂತಿ ಕಟ್ಟಿ ಮಾತಾಡಿಸೋಣ."

ಬಿ.ಬಿ.ಸಿ.ಯ ಹಿಂದೆ ಸೀರಿಯಲ್ ಎಂಬ ಒಂದು ಕಂಡಿ ಇತ್ತು, ಐದು ತೂತಿನದು. ಐದೂ ತೂತು ಪಗಡೆಕಾಯಿಯ ಐದು ಚುಕ್ಕೆಯ ಹಾಗೆ ಇರುವುದರಿಂದ ಪ್ಲಗ್ಗನ್ನು ಹೇಗೆ ತಿರುಗಿಸಿ ಹಾಕಿದರೂ ಕೂತುಕೊಳ್ಳುತ್ತದೆ. ಕೂತಮೇಲೆ ಕೆಲಸ ಮಾಡುವುದು ಒಂದು ದಿಕ್ಕಿನಲ್ಲಿ ಮಾತ್ರ. ಇದನ್ನು ಮಾಡಿದ ಪುಣ್ಯಾತ್ಮ ಯಾರೋ. ಆ ಪ್ಲಗ್ಗು ನಮಗೆ ಎಲ್ಲೂ ಸಿಗಲಿಲ್ಲವಾದ್ದರಿಂದ ಹುಡುಗ ತಂತಿಯ ತುದಿಗೆ ಸಣ್ಣ ಕಡ್ಡಿ ಬೆಸೆದು ಒಂದೊಂದಾಗಿ ತೂರಿಸಿ ಟೇಪು ಸುತ್ತಿದ. ಮೂರು ತಂತಿ ಸಾಕು: ಕೊಡುವುದು, ತೆಗೆದುಕೊಳ್ಳುವುದು, ನೆಲ. ಪಿ.ಸಿ.ಯ ಕಡೆ ಕರ್ಮಿಟ್ ಎಂಬ ಪ್ರೋಗ್ರಾಮು ಹಾಕಿದ. ಅದು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ 1981ರಲ್ಲಿ ಹುಟ್ಟಿದ್ದು. ಅಲ್ಲೂ ನಮ್ಮಂಥದೇ ಪೇಚು: ವಿದ್ಯಾರ್ಥಿಗಳು ದೊಡ್ಡ ಕಂಪ್ಯೂಟರಿನಲ್ಲಿ ಬರೆದದ್ದನ್ನು ಉಳಿಸಿಕೊಳ್ಳಲು ಜಾಗ ಸಾಲದು, ಫ್ಲಾಪಿಗೆ ಇಳಿಸಿಕೊಳ್ಳಲು ಸಣ್ಣ ಕಂಪ್ಯೂಟರಿಗೆ ದಾಟಿಸಬೇಕು. ಫ್ರಾಂಕ್ ಡಾ ಕ್ರೂಜ್, ಬಿಲ್ ಕ್ಯಾಚಿಂಗ್ಸ್ ಎಂಬುವರು ಎಂಥ ಯಂತ್ರಕ್ಕೂ ಒಪ್ಪುವ ಒಂದು ಕ್ರಮ ಮಾಡಿ, ಟೆಲಿವಿಷನ್ನಿನ ಬೊಂಬೆ ಕಪ್ಪೆಯೊಂದರ ಹೆಸರಿಟ್ಟರು. ಕಾಸು ಕೊಡದೆ ಕೈಯಿಂದ ಕೈಗೆ ದಾಟುತ್ತ ಅದು ನಮ್ಮ ಊರಿನವರೆಗೂ ಬಂದಿತ್ತು. ಜೂನ್ ತಿಂಗಳು, ಹೊರಗೆ ಗದ್ದೆಯಲ್ಲೂ ಕಪ್ಪೆಗಳೇ.

ಬಿ.ಬಿ.ಸಿ.ಗೆ ಕರ್ಮಿಟ್ ನಮ್ಮ ಹತ್ತಿರ ಇರಲಿಲ್ಲ. ಹುಡುಗ ಅದಕ್ಕೊಂದು ಮೋಸ ಹೂಡಿದ. 'ನಿನ್ನ ಪ್ರಿಂಟರು ಈಗ ಈ ಕಂಡಿಯಲ್ಲಿದೆ' ಎಂದು ಯಂತ್ರಕ್ಕೆ ಹೇಳುವ ಒಂದು ಆಜ್ಞೆ ಇದೆ, ಸ್ಟಾರ್ ಎಫ್‌ಎಕ್ಸ್ 5, 2. ಅದನ್ನು ಕೊಟ್ಟು, ವೇಗವನ್ನು ಸೆಕೆಂಡಿಗೆ 120 ಅಕ್ಷರದಷ್ಟಕ್ಕೆ ಇಳಿಸಿ, ಪಂಡಿತರ ಕಡತವನ್ನು ಅಚ್ಚುಮಾಡು ಎಂದೆವು. ಪಾಪ, ರಿಬ್ಬನ್ನು ಸಿಕ್ಕಿತೆಂದುಕೊಂಡಿತೋ ಏನೋ, ಅದು ಅಚ್ಚು ಮಾಡತೊಡಗಿತು. ಕರ್ಮಿಟ್ ಈ ಕಡೆ ಕೂತು ಬಂದದ್ದನ್ನೆಲ್ಲ ಬರೆದುಕೊಂಡಿತು.

ಮುಗಿದ ಮೇಲೆ ಪಿ.ಸಿ.ಯಲ್ಲಿ ತೆರೆದು ನೋಡಿದರೆ ಒಂದೇ ಒಂದು ಸಾಲು! ಸಾಲಿನ ಮೇಲೆ ಸಾಲು ಬಿದ್ದು, ಕೊನೆಯದು ಮಾತ್ರ ಕಾಣುತ್ತಿತ್ತು. ನನಗೆ ಕೈಕಾಲು ತಣ್ಣಗಾಯಿತು. ಕೊನೆಗೆ ತಿಳಿದದ್ದು, ಸಾಲು ಮುಗಿದಾಗ ಕಾಗದ ಮೇಲೆ ಸರಿಸು ಎಂಬ ಗುರುತನ್ನು ಬಿ.ಬಿ.ಸಿ. ಪ್ರಿಂಟರಿಗೆ ಕಳಿಸದೆ ನುಂಗಿಕೊಳ್ಳುತ್ತದೆ, ಪ್ರಿಂಟರೇ ಸರಿಸಿಕೊಳ್ಳುತ್ತದೆಂಬ ಭರವಸೆಯಿಂದ. ನುಂಗಬೇಡ ಎನ್ನಲು ಇನ್ನೊಂದು ಆಜ್ಞೆ. ಆಮೇಲೆ ಸಾಲುಗಳು ಒಂದರ ಕೆಳಗೊಂದು ಇಳಿದವು. ಇಪ್ಪತ್ತು ಸಾವಿರ ಅಕ್ಷರದ ಒಂದು ಕಡತಕ್ಕೆ ಮೂರು ನಿಮಿಷಕ್ಕೆ ಸ್ವಲ್ಪ ಕಮ್ಮಿ. ನಡುವೆ ಎರಡು ಸಲ ಕರೆಂಟು ಹೋಗಿ, ಎರಡು ಫ್ಲಾಪಿ ದಾಟುವಾಗ ರಾತ್ರಿ ಒಂಬತ್ತಾಗಿತ್ತು. ಪಂಡಿತರು ಕೊಡೆ ಮಡಿಚಿ ಮೂಲೆಯಲ್ಲಿ ಕೂತೇ ಇದ್ದರು. ಪರದೆಯ ಮೇಲೆ ಕೊಲೆ ರೋಗ ಬಂದಾಗ, "ಅದೊಂದು ಬಿಡದೆ ಬಂತು ನೋಡಿ" ಎಂದರು.

ಮೂರನೆಯದಕ್ಕೆ ದಾರಿ ಕಾಣಲಿಲ್ಲ. ಪಂಡಿತರು ನೆನಪಿನಿಂದ ಮಳೆಯ ಮಾತುಗಳನ್ನು ಮತ್ತೆ ಬರೆಯಲು ಕೂತರು. ಅರ್ಧದಷ್ಟು ಬಂದವು. ಉಳಿದವನ್ನು ಹೇಳಿದ್ದ ಮುದುಕಿಯರಲ್ಲಿ ಇಬ್ಬರು ಆಗಲೇ ಇರಲಿಲ್ಲ. 1997ರಲ್ಲಿ ಪಂಡಿತರೂ ಹೋದರು. ಫ್ಲಾಪಿಯನ್ನು ನಾನು ಅದೇ ಲಕೋಟೆಯಲ್ಲಿಟ್ಟು, ನಿವೃತ್ತನಾಗುವಾಗ ಮನೆಗೆ ತಂದೆ. ಇಟ್ಟುಕೊಂಡು ಏನು ಮಾಡುತ್ತೀರಿ ಎಂದು ಮನೆಯವಳು ಕೇಳಿದ್ದುಂಟು.

2021ರಲ್ಲಿ ಆ ಹುಡುಗ, ಹುಡುಗನೆಂದರೆ ಈಗ ಅವನಿಗೂ ತಲೆ ನರೆತಿದೆ, ಬೆಂಗಳೂರಿನಿಂದ ಊರಿಗೆ ಬಂದವನು ನಮ್ಮ ಮನೆಗೂ ಬಂದ. ಚೀಲದಲ್ಲಿ ಗುಜರಿಯಿಂದ ತಂದ ಒಂದು ಹಳೆಯ ಡ್ರೈವು, ಬೆಂಕಿಪೊಟ್ಟಣದಷ್ಟು ಅಗಲದ ಒಂದು ಸರ್ಕೀಟು. ಗ್ರೀಸ್‌ವೀಝಲ್ ಎಂದು ಅದರ ಹೆಸರಂತೆ, ಕೀರ್ ಫ್ರೇಜರ್ ಎಂಬುವರು ಮಾಡಿದ್ದು. ಅದಕ್ಕೆ ತಾಳವೂ ಬೇಡ, ಪಾಲೂ ಬೇಡ. ಫ್ಲಾಪಿಯ ಮೇಲೆ ಅಯಸ್ಕಾಂತದ ದಿಕ್ಕು ಎಲ್ಲೆಲ್ಲಿ ಬದಲಾಗಿದೆ, ಎಷ್ಟು ಹೊತ್ತಿಗೆ ಬದಲಾಗಿದೆ ಎಂಬುದಷ್ಟನ್ನೇ ಇದ್ದ ಹಾಗೆ ಬರೆದುಕೊಡುತ್ತದೆ. ಇದು ಯಾರ ಬರಹ ಎಂದು ಆಮೇಲೆ ಕೂತು ಯೋಚಿಸಬಹುದು. ಆಪಲ್ ಆಗಲಿ, ಕಮೋಡೋರ್ ಆಗಲಿ, ಅಮಿಗಾ ಆಗಲಿ ಅದಕ್ಕೆ ಎಲ್ಲವೂ ಒಂದೇ.

ಫ್ಲಾಪಿಗೆ ಬೂಸ್ಟು ಹಿಡಿದಿತ್ತು. ಅವನು ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ, ಸಣ್ಣ ಕಂಡಿಯೊಳಗಿಂದಲೇ ತಿರುಗಿಸಿ ತಿರುಗಿಸಿ ಒರೆಸಿದ. ಊಟ ಆರಿಹೋಗುತ್ತದೆ ಎಂದು ಒಳಗಿಂದ ಎರಡು ಸಲ ಕರೆ ಬಂತು.

ಸೊನ್ನೆಯಿಂದ 15ರವರೆಗೆ ಹದಿನಾರು ಸುತ್ತು ಪೂರ್ತಿ ಹೋಗಿತ್ತು. ಲೆಕ್ಕ ಮಾಡಿದರೆ 40,960 ಅಕ್ಷರ. ಯಾವ ಕಡತ ಎಲ್ಲಿದೆ ಎನ್ನುವ ಪಟ್ಟಿ ಮೊದಲ ಸುತ್ತಿನಲ್ಲೇ ಇರುತ್ತದಾದ್ದರಿಂದ ಅದೂ ಹೋಗಿತ್ತು. ಆದರೆ ಬಿ.ಬಿ.ಸಿ.ಯ ಒಂದು ಒಳ್ಳೆಯ ಗುಣ, ಅದು ಕಡತವನ್ನು ತುಂಡು ಮಾಡಿ ಅಲ್ಲಲ್ಲಿ ಚದುರಿಸುವುದಿಲ್ಲ, ಒಂದೇ ಸಮನೆ ಬರೆಯುತ್ತ ಹೋಗುತ್ತದೆ. ಪಟ್ಟಿ ಇಲ್ಲದಿದ್ದರೂ ಸಾಲುಗಳು ಸಾಲಾಗಿ ಇದ್ದವು. ದನದ ಬಣ್ಣಗಳೂ ರೋಗಗಳೂ ಪೂರ್ತಿ ಬಂದವು. ಅವಕ್ಕೆ ಮೊದಲು, ಹದಿನಾರನೆಯ ಸುತ್ತಿನ ಆರಂಭದಲ್ಲಿ, ಮಳೆಯ ಕಡತದ ಬಾಲ ಒಂದಿಷ್ಟು ಉಳಿದಿತ್ತು. ಎಂಟು ಮಾತು. ಮೊದಲನೆಯದರ ತಲೆ ಹೋಗಿ, 'ಳೆ' ಎಂಬುದಷ್ಟು ಇತ್ತು, ದೊಡ್ಡ ಎಲ್ ಹಾಕಿ ಸರಿಯಾಗಿಯೇ ಕುಟ್ಟಿದ್ದು. ಅದರ ಮುಂದೆ ಅರ್ಥ: 'ಎಮ್ಮೆಯ ಬೆನ್ನು ನೆನೆದು ಹೊಟ್ಟೆ ನೆನೆಯದಷ್ಟು.'

ಅಂಥ ಮಳೆಗೆ ಏನೆನ್ನುತ್ತಾರೆ? ನಾನು ಹುಟ್ಟಿದ್ದು ಇಲ್ಲೇ, ನನಗೆ ಗೊತ್ತಿಲ್ಲ. ಕುಟ್ಟಿದವನು ಎದುರಿಗೇ ಕೂತಿದ್ದ, ಅವನಿಗೂ ನೆನಪಿಲ್ಲ. ಪಂಡಿತರ ಮಗಳು ಸಾಗರದಲ್ಲಿದ್ದಾರೆ, ಅವರಿಗೆ ಫೋನು ಮಾಡಿ ಓದಿ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಎರಡು ಹೆಸರು ಹೇಳಿದರು. "ಅಪ್ಪಯ್ಯ ಇದರಲ್ಲಿ ಒಂದನ್ನ ಅಂತಿದ್ರು ಮೇಷ್ಟ್ರೇ, ಯಾವುದು ಅಂತ ಈಗ ಖಚಿತ ಆಗ್ತಿಲ್ಲ. ಆ ಹಾಳೆ ನನಗೊಂದು ಕಳಿಸಿಕೊಡಿ" ಎಂದರು.

ಕಳಿಸಿದೆ. ಕಳಿಸುವ ಮೊದಲು ಎರಡು ಹೆಸರನ್ನೂ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದೆ.